ಕೆಲಸಕ್ಕೆಂದೇ ಹುಟ್ಟಿಸಿದ ಜನ: ಕೆಲಸ ಮುಗಿದ ಮೇಲೆ ಅವರ ಕಥೆ ಏನು?

ಕಾಗದದ ಕೋಟೆ

ಈ ಫೋರಂನ ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ತಾಳ್ಮೆಯಿಂದ ಓದಿ.

ರೋಲ್‌ಪ್ಲೇಯಿಂಗ್ ಆಟ ಅಂದರೆ ಗೆಳೆಯರು ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಹಾಕುತ್ತಾ ಕಥೆ ಕಟ್ಟುವ ಆಟ. ನಾನು ನಡೆಸುತ್ತಿರುವ ಅಂಥ ಒಂದು ಕ್ಯಾಂಪೇನ್‌ನಲ್ಲಿ ಮೂರು ಜನಾಂಗಗಳಿವೆ. ಮೂರೂ ತಾವಾಗಿ ಹುಟ್ಟಿದವಲ್ಲ. ಇನ್ನೂರು ವರ್ಷದ ಹಿಂದೆ ಅಳಿದುಹೋದ ಮಂತ್ರವಾದಿಗಳ ರಾಜ್ಯವೊಂದು ಅವರನ್ನು ಕೆಲಸಕ್ಕೆಂದೇ ಮಾಡಿತ್ತು. ತೂಬಿಗರು ಅಣೆಕಟ್ಟಿನ ತೂಬಿನೊಳಗೆ ಮುಳುಗಿ ಬಾಗಿಲಿನ ತಿರುಪು ತಿರುಗಿಸುವವರು. ಎಚ್ಚರಿಗರಿಗೆ ನಿದ್ದೆಯೇ ಇಲ್ಲ, ಗಡಿ ಕಾಯುತ್ತಾರೆ. ನೆನಪಿಗರು ರಾಜ್ಯದ ಕರಾರು, ಸಾಲ, ಗಡಿಕಲ್ಲುಗಳ ಲೆಕ್ಕವನ್ನೆಲ್ಲ ತಲೆಯಲ್ಲಿ ಹೊತ್ತವರು. ಈಗ ರಾಜ್ಯ ಇಲ್ಲ. ಜನ ಮಾತ್ರ ಉಳಿದಿದ್ದಾರೆ.

ಕಳೆದ ಸೆಷನ್‌ನಲ್ಲಿ ಎಲ್ಲರೂ ಒಣಗಿದ ಅಣೆಕಟ್ಟಿನ ಮೇಲೆ ರಾತ್ರಿ ತಂಗಿದರು. ಬೆಂಕಿ ಹಾಕಿಕೊಂಡು ಕೂತಿದ್ದರು. ತೂಬಿಗರ ಪಾತ್ರ ಆಡುವ ಗೆಳತಿ ಡೈಸ್ ಕೆಳಗಿಟ್ಟು ಕೇಳಿದಳು: "ನಾನು ಚಿಕ್ಕವಳಿದ್ದಾಗ ನಮ್ಮಮ್ಮ ಯಾವ ಜೋಗುಳ ಹಾಡುತ್ತಿದ್ದಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತೂಬಿಗರ ಬಗ್ಗೆ ಹದಿನಾಲ್ಕು ಪುಟ ಬರೆದಿದ್ದೇನೆ. ಯಾವ ಮಂತ್ರವಾದಿ ಮಾಡಿದ, ಯಾವ ಮೀನಿನ ರಕ್ತ ಬೆರೆಸಿದ, ಎಷ್ಟು ಹೊತ್ತು ಉಸಿರು ಹಿಡಿಯಬಲ್ಲರು, ಕತ್ತಲಲ್ಲಿ ಕಣ್ಣು ಎಷ್ಟು ದೂರ ಕಾಣುತ್ತದೆ, ಎಲ್ಲ ಇದೆ. ಹದಿನಾಲ್ಕೂ ಪುಟ ಮಾಡಿದವರ ಕಥೆ. ಅವರ ಕೈಯಲ್ಲಿ ಹುಟ್ಟಿದವರದ್ದು ಒಂದು ಸಾಲೂ ಇಲ್ಲ. "ನೆನಪಿಲ್ಲ ಅಂತ ಇಟ್ಟುಕೋ" ಅಂದೆ. ಅವಳು ಸುಮ್ಮನಾದಳು. ಆ ಮಾತು ಇನ್ನೂ ಕೊರೆಯುತ್ತಿದೆ.

ಯಾರು ಮಾಡಿದರು, ಯಾಕೆ ಮಾಡಿದರು ಅನ್ನುವುದನ್ನು ನಾವೆಲ್ಲ ತುಂಬ ಪ್ರೀತಿಯಿಂದ ಬರೆಯುತ್ತೇವೆ. ಆದರೆ ಅದು ಅವರ ಕಥೆಯ ಮೊದಲ ಸಾಲು ಅಷ್ಟೇ ಅಲ್ವಾ? ಉಳಿದದ್ದನ್ನು ನೀವು ಹೇಗೆ ಕಟ್ಟುತ್ತೀರಿ?

ಇಪ್ಪತ್ತು ಮುಖ

ಒಳ್ಳೇ ಪ್ರಶ್ನೆ. ಈ ವಿಷಯ ಬಂದಾಗ ನಾನು ಮೊದಲು ನೆನೆಯುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಎಬರಾನ್ ಸೆಟ್ಟಿಂಗ್‌ನ ವಾರ್‌ಫೋರ್ಜ್ಡ್‌ಗಳನ್ನು. ಕೀತ್ ಬೇಕರ್ ಕಟ್ಟಿದ ಸೆಟ್ಟಿಂಗ್ (ಆಟ ನಡೆಯುವ ಕಲ್ಪಿತ ಜಗತ್ತು) ಅದು, 2004ರಲ್ಲಿ ಪುಸ್ತಕವಾಗಿ ಬಂತು. ಕಲ್ಲು, ಲೋಹ, ಮರದ ನಾರು ಸೇರಿಸಿ ಮಾಡಿದ ಸೈನಿಕರು. ಮಾಡಿದ್ದು ಕ್ಯಾನಿತ್ ಮನೆತನ. ಸುಮಾರು ನೂರು ವರ್ಷ ನಡೆದ ಯುದ್ಧಕ್ಕೆ ಸೈನಿಕರು ಬೇಕಿತ್ತು, ಮಾಡಿದರು. ಇಷ್ಟೇ ಆಗಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ.

ನೆನಪಿಡುವಂತೆ ಮಾಡಿದ್ದು ಒಂದು ಒಪ್ಪಂದ. ಯುದ್ಧ ನಿಲ್ಲಿಸಿದ ಥ್ರೋನ್‌ಹೋಲ್ಡ್ ಒಪ್ಪಂದ ವಾರ್‌ಫೋರ್ಜ್ಡ್‌ಗಳನ್ನು ಸ್ವತಂತ್ರರು ಅಂತ ಸಾರಿತು. ಅದೇ ಒಪ್ಪಂದ ಅವರನ್ನು ಮಾಡುವ ಕುಲುಮೆಗಳನ್ನು ಮುಚ್ಚಿಸಿತು. ಅವರಿಗೆ ಮಕ್ಕಳಾಗುವುದಿಲ್ಲ. ಅಂದರೆ ಬಿಡುಗಡೆಯೂ ಸಂತಾನ ನಿಂತದ್ದೂ ಒಂದೇ ಕಾಗದದಲ್ಲಿ, ಒಂದೇ ರುಜುವಿನಲ್ಲಿ. ಆ ಸೆಟ್ಟಿಂಗ್‌ನಲ್ಲಿ ಆಟ ಶುರುವಾಗುವುದು ಒಪ್ಪಂದವಾದ ಎರಡೇ ವರ್ಷಕ್ಕೆ. ಈಗಿನ ರೂಪದ ಮೊದಲ ವಾರ್‌ಫೋರ್ಜ್ಡ್ ಹುಟ್ಟಿ ಆಗ ಮೂವತ್ತಮೂರು ವರ್ಷ. ಇಡೀ ಜನಾಂಗದಲ್ಲಿ ಒಬ್ಬ ಅಜ್ಜನೂ ಇಲ್ಲ, ಅಜ್ಜಿಯೂ ಇಲ್ಲ. "ನಮ್ಮ ಹಿರಿಯರು ಹೀಗೆ ಮಾಡುತ್ತಿದ್ದರು" ಅಂತ ಹೇಳುವವರೇ ಇಲ್ಲ.

ನನ್ನ ಟೇಬಲ್‌ನಲ್ಲಿ ಒಬ್ಬ ವಾರ್‌ಫೋರ್ಜ್ಡ್ ಆಡುತ್ತಿದ್ದ. ಅವನ ಪಾತ್ರ ಊಟದ ಹೊತ್ತಿಗೆ ಎಲ್ಲರ ಜೊತೆ ಕೂತು ಖಾಲಿ ತಟ್ಟೆ ಮುಂದಿಟ್ಟುಕೊಳ್ಳುತ್ತಿತ್ತು. ತಿನ್ನುವ ಅಗತ್ಯ ಅದಕ್ಕಿಲ್ಲ. ಯಾಕೆ ಅಂತ ಕೇಳಿದರೆ "ಎಲ್ಲರೂ ಕೂರುತ್ತಾರೆ" ಅನ್ನುತ್ತಿದ್ದ. ಆ ತಟ್ಟೆಯ ಬಗ್ಗೆ ಯಾವ ರೂಲ್‌ಬುಕ್‌ನಲ್ಲೂ ಇಲ್ಲ. ನನಗೆ ಆ ಜನಾಂಗದ ಬಗ್ಗೆ ಜಾಸ್ತಿ ಹೇಳಿದ್ದು ಆ ತಟ್ಟೆ.

ತೂಬಿಗರಿಗೂ ಅಂಥದ್ದೊಂದು ಹುಡುಕಿ. ಮಾಡಿದವರು ಯೋಚಿಸಿಯೇ ಇರದ ಒಂದು ಅಭ್ಯಾಸ.

ಹುಳುಹುಪ್ಪಟೆ

ನಾನು ಜೀವಶಾಸ್ತ್ರ ಓದಿದವಳು, ಹಾಗಾಗಿ ನನ್ನ ಕಣ್ಣು ಮೊದಲು ದೇಹದ ಮೇಲೆ ಹೋಗುತ್ತದೆ. ಒಂದು ಕೆಲಸಕ್ಕಾಗಿ ದೇಹ ತಿದ್ದಿದರೆ ಆ ಕೆಲಸ ಒಂದೇ ಬರುವುದಿಲ್ಲ. ಅದರ ಜೊತೆ ಕರೆಯದೇ ಇದ್ದದ್ದೂ ಬರುತ್ತದೆ.

ರೇಷ್ಮೆ ಹುಳವನ್ನು ನೋಡಿ. ಮನುಷ್ಯ ಸಾವಿರಾರು ವರ್ಷ ನೂಲಿಗಾಗಿಯೇ ಆರಿಸಿ ಆರಿಸಿ ಬೆಳೆಸಿದ ಜೀವ. ಗೂಡು ಸೀಳಿಕೊಂಡು ಹೊರಬರುವ ಚಿಟ್ಟೆಗೆ ರೆಕ್ಕೆ ಇದೆ, ಹಾರಲು ಆಗುವುದಿಲ್ಲ. ತಿನ್ನಲು ಬಾಯಿ ಕೆಲಸ ಮಾಡುವುದಿಲ್ಲ. ಹೆಣ್ಣು ಹುಟ್ಟಿದ ಜಾಗದಲ್ಲೇ ಕೂತಿರುತ್ತದೆ. ಗಂಡು ರೆಕ್ಕೆಯನ್ನು ಪಟಪಟ ಬಡಿಯುತ್ತಾ ಅದರ ಹತ್ತಿರ ನಡೆದು ಬರುತ್ತದೆ. ಹಾರದಿದ್ದರೂ ಆ ಬಡಿತ ಮಾತ್ರ ನಿಂತಿಲ್ಲ. ನಾನು ಮೊದಲ ಸಲ ಹತ್ತಿರದಿಂದ ನೋಡಿದಾಗ ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ. ನಾಳೆ ಸಾಕುವವರೇ ಇಲ್ಲವಾದರೆ ಆ ಜೀವ ತಾನಾಗಿ ಬದುಕುವುದಿಲ್ಲ.

ಇನ್ನೊಂದು ಉದಾಹರಣೆ ನರಿಗಳದ್ದು. ದ್ಮಿತ್ರಿ ಬೆಲ್ಯಾಯೆವ್ ಅನ್ನುವ ವಿಜ್ಞಾನಿ 1959ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಮನುಷ್ಯನಿಗೆ ಹೆದರದ ನರಿಗಳನ್ನು ಮಾತ್ರ ಆರಿಸಿ ಮರಿ ಮಾಡಿಸುತ್ತಾ ಹೋದರು. ಬಣ್ಣ ನೋಡಲಿಲ್ಲ, ಕಿವಿ ನೋಡಲಿಲ್ಲ. ಆದರೂ ಕೆಲವು ತಲೆಮಾರಿನಲ್ಲಿ ಜೋಲು ಕಿವಿ, ಸುರುಳಿ ಬಾಲ, ಮೈಮೇಲೆ ಬಿಳಿ ಮಚ್ಚೆಗಳು ಕಾಣಿಸಿಕೊಂಡವು. ಇವುಗಳಲ್ಲಿ ಕೆಲವು ಲಕ್ಷಣ ಆ ನರಿಗಳ ಪೂರ್ವಜರಲ್ಲೇ ಇತ್ತು ಅನ್ನುವ ವಾದವೂ ಇದೆ. ಏನೇ ಇರಲಿ, ಕಥೆ ಕಟ್ಟುವವರಿಗೆ ಇದು ಬಂಗಾರ.

ಈಗ ತೂಬಿಗರಿಗೆ ಬರೋಣ. ಉಸಿರು ಹಿಡಿಯುವ ಜನ ನಿಜವಾಗಿಯೂ ಇದ್ದಾರೆ. ಇಂಡೋನೇಷ್ಯಾದ ಸಮುದ್ರದಲ್ಲಿ ಮುಳುಗಿ ಮೀನು ಹಿಡಿಯುವ ಬಜಾವ್ ಜನರ ಗುಲ್ಮ (ಎಡಗಡೆ ಪಕ್ಕೆಲುಬಿನ ಕೆಳಗಿರುವ ಅಂಗ) ಪಕ್ಕದ ಸಾಲುವನ್ ಜನರಿಗಿಂತ ಸುಮಾರು 50 ಪ್ರತಿಶತ ದೊಡ್ಡದು ಅಂತ 2018ರ ಅಧ್ಯಯನವೊಂದು ತೋರಿಸಿತು. ನೀರಿಗೆ ಇಳಿಯದ ಬಜಾವ್ ಜನರಲ್ಲೂ ಅದು ದೊಡ್ಡದಾಗಿಯೇ ಇತ್ತು. ಮುಳುಗಿದಾಗ ಗುಲ್ಮ ಹಿಂಡಿಕೊಂಡು ಆಮ್ಲಜನಕ ಹೊತ್ತ ರಕ್ತಕಣಗಳನ್ನು ಹೊರಗೆ ಬಿಡುತ್ತದೆ.

ಹಾಗಾದರೆ ನಿಮ್ಮ ತೂಬಿಗರ ಎಡಗಡೆ ಪಕ್ಕೆಲುಬಿನ ಕೆಳಗೆ ಒಂದು ಉಬ್ಬು ಇರಲಿ. ಅವರು ಭಯಪಟ್ಟಾಗ, ಸಿಟ್ಟು ಬಂದಾಗ, ಯಾರನ್ನೋ ಪ್ರೀತಿಸಿದಾಗ ಅದು ತಾನಾಗಿ ಹಿಂಡಿಕೊಳ್ಳಲಿ. ಕೈ ಅಲ್ಲಿಗೆ ಹೋಗಲಿ. ನಾವು ಎದೆ ಮುಟ್ಟಿಕೊಂಡು ಹೇಳುವ ಮಾತನ್ನು ಅವರು ಪಕ್ಕೆ ಮುಟ್ಟಿಕೊಂಡು ಹೇಳಲಿ. ಮಾಡಿದವರ ಉದ್ದೇಶ ಅವರ ಮೈಯಲ್ಲಿದೆ, ಆದರೆ ಅದಕ್ಕೆ ಬೇರೆ ಅರ್ಥ ಬಂದುಬಿಟ್ಟಿದೆ.

ಅಜ್ಜಿಕಥೆ

ಕೆಲಸಕ್ಕೆಂದು ಹುಟ್ಟಿಸಿದ ಜನರ ಕಥೆ ರೋಲ್‌ಪ್ಲೇಯಿಂಗ್ ಆಟಗಳಿಗಿಂತ ತುಂಬ ಹಳೆಯದು. ನಾವು ಚಿಕ್ಕಂದಿನಿಂದ ಕೇಳಿದ ಕಥೆಗಳಲ್ಲೇ ಇದೆ. ನಂಬಿಕೆಯ ವಿಷಯ, ಗೌರವ ಇಟ್ಟುಕೊಂಡೇ ಹೇಳುತ್ತೇನೆ.

ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಬ್ರಹ್ಮ ಮೊದಲು ನೀರನ್ನು ಸೃಷ್ಟಿಸುತ್ತಾನೆ. ಆಮೇಲೆ ಅದನ್ನು ಕಾಯಲು ಜೀವಿಗಳನ್ನು ಸೃಷ್ಟಿಸುತ್ತಾನೆ. ಹುಟ್ಟಿದ ಜೀವಿಗಳು ಹಸಿದು ಬಾಯಾರಿ ಬಂದು ಕೇಳುವ ಮೊದಲ ಪ್ರಶ್ನೆ "ನಾವೇನು ಮಾಡಬೇಕು?" ಕಾಯಿರಿ ಅನ್ನುತ್ತಾನೆ. "ರಕ್ಷಾಮಃ" ಅಂದವರು ರಾಕ್ಷಸರಾದರು, "ಯಕ್ಷಾಮಃ" ಅಂದವರು ಯಕ್ಷರಾದರು. ಅಂದರೆ ರಾಕ್ಷಸ ಅನ್ನುವ ಹೆಸರಿನ ಒಳಗೆ ಕಾವಲುಗಾರ ಇದ್ದಾನೆ! ಕೆಲಸವೇ ಹೆಸರಾಯಿತು. ಆಮೇಲೆ ಹೆಸರು ಉಳಿಯಿತು, ಕೆಲಸ ಎಲ್ಲೋ ಹೋಯಿತು. ನಿಮ್ಮ ಎಚ್ಚರಿಗರನ್ನು ಓದಿದಾಗ ನನಗೆ ನೆನಪಾದದ್ದು ಇದೇ.

ಮೆಸೊಪೊಟೇಮಿಯಾದ ಮಣ್ಣಿನ ಫಲಕಗಳಲ್ಲಿ ಉಳಿದಿರುವ ಅತ್ರಹಾಸಿಸ್ ಕಥೆಯಲ್ಲಿ ನಾವು ಮನುಷ್ಯರೇ ಆ ಜನಾಂಗ. ಕಾಲುವೆ ಅಗೆದು ಅಗೆದು ಸಾಕಾದ ಚಿಕ್ಕ ದೇವತೆಗಳು ಸಲಕರಣೆ ಸುಟ್ಟು ದಂಗೆ ಏಳುತ್ತಾರೆ. ಆಗ ಒಬ್ಬ ದೇವರನ್ನು ಕೊಂದು, ಅವನ ರಕ್ತಮಾಂಸವನ್ನು ಜೇಡಿಮಣ್ಣಿಗೆ ಬೆರೆಸಿ, ಆ ಕೆಲಸ ಹೊರಲು ಮನುಷ್ಯನನ್ನು ಮಾಡುತ್ತಾರೆ. ದಂಗೆ ಎದ್ದವರ ಕೆಲಸವನ್ನು ಹೊಸಬರ ತಲೆಗೆ ಕಟ್ಟಿದರು. ಸತ್ತವನು ಮರೆತುಹೋಗಬಾರದು ಅಂತ ಮನುಷ್ಯನೊಳಗೆ ಅವನ ಒಂದು ಅಂಶ ಉಳಿಯುತ್ತದೆ. 

ಆದರೆ ನಿಮ್ಮ ಪ್ರಶ್ನೆಗೆ ಸರಿಯಾಗಿ ಹೊಂದುವುದು ವಾನರರು. ಬಾಲಕಾಂಡದಲ್ಲಿ ಬ್ರಹ್ಮ ದೇವತೆಗಳಿಗೆ ಹೇಳುತ್ತಾನೆ: ವಿಷ್ಣು ಮನುಷ್ಯನಾಗಿ ಹುಟ್ಟುತ್ತಿದ್ದಾನೆ, ಅವನ ಸಹಾಯಕ್ಕೆ ನಿಮ್ಮಷ್ಟೇ ಬಲ ಇರುವ ವಾನರರನ್ನು ಪಡೆಯಿರಿ. ಅಂದರೆ ಒಂದು ಯುದ್ಧಕ್ಕಾಗಿ ಹುಟ್ಟಿದ ಜನ. ಯುದ್ಧ ಗೆದ್ದಾಯಿತು, ಆಮೇಲೆ? ಯುದ್ಧಕಾಂಡದ ಕೊನೆಯಲ್ಲಿ ಇಂದ್ರ ಬಂದು ಏನು ವರ ಬೇಕು ಅಂತ ರಾಮನನ್ನು ಕೇಳುತ್ತಾನೆ. ರಾಮ ತನಗೆ ಏನೂ ಕೇಳುವುದಿಲ್ಲ. ನನಗಾಗಿ ಸತ್ತ ವಾನರರೆಲ್ಲ ಎದ್ದು ಬರಲಿ ಅನ್ನುತ್ತಾನೆ. ಅವರು ಇರುವ ಕಡೆ ಕಾಲ ಅಲ್ಲದ ಕಾಲದಲ್ಲೂ ಹೂ, ಹಣ್ಣು, ಗೆಡ್ಡೆ ಸಿಗಲಿ, ನದಿಯ ನೀರು ತಿಳಿಯಾಗಿರಲಿ ಅನ್ನುತ್ತಾನೆ.

ಆ ಕಥೆ ಎಷ್ಟು ಸಲ ಕೇಳಿದ್ದೇನೋ. ಈ ಭಾಗ ಬಂದಾಗ ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ. ಕೆಲಸ ಮುಗಿಯಿತು, ಇನ್ನು ನೀವು ಬದುಕಬೇಕಲ್ಲ, ತಗೊಳ್ಳಿ ಹಣ್ಣು, ತಗೊಳ್ಳಿ ನೀರು ಅನ್ನುವ ಮಾತು ಅದು. ನಿಮ್ಮ ಮಂತ್ರವಾದಿಗಳು ಹೋಗುವಾಗ ತೂಬಿಗರಿಗೆ ಏನು ಬಿಟ್ಟು ಹೋದರು? ಏನೂ ಇಲ್ಲ ಅನ್ನುವುದೂ ಒಂದು ಉತ್ತರವೇ. ಆದರೆ ಗೊತ್ತಿದ್ದು ಆರಿಸಿಕೊಳ್ಳಿ.

ನಾಲ್ಕನೇ ಕುರ್ಚಿ

ಒಂದು ತಕರಾರು. ನಾನು ಆಟ ನಡೆಸುವವನಲ್ಲ, ಆಡುವವನು. ಇಂಥ ಜನಾಂಗ ಆರಿಸಿಕೊಂಡ ಕೂಡಲೇ ಎಲ್ಲರೂ ನನ್ನ ಪಾತ್ರದಿಂದ ಕಣ್ಣೀರನ್ನೇ ಕೇಳುತ್ತಾರೆ. ಪ್ರತಿ ಎನ್‌ಪಿಸಿ (ಆಟ ನಡೆಸುವವರು ಆಡಿಸುವ ಪಾತ್ರ) ಬಂದು "ಅಯ್ಯೋ, ನಿನ್ನನ್ನು ಗುಲಾಮನಾಗಿ ಮಾಡಿದರಂತಲ್ಲ" ಅನ್ನುತ್ತಾನೆ. ಬೇಜಾರಾಗುತ್ತದೆ.

ನನ್ನ ಪಾತ್ರವನ್ನು ಕಾವಲಿಗೆಂದು ಮಾಡಿದ್ದು. ಅವನಿಗೆ ಕಾವಲು ಇಷ್ಟ. ಕುರಿ ಕಾಯುವ ನಾಯಿ ತಳಿಗಳಲ್ಲಿ ಮರಿಗಳು ಯಾರೂ ಕಲಿಸದಿದ್ದರೂ ಓಡಾಡುವ ಕೋಳಿಯನ್ನೋ ಮಗುವನ್ನೋ ಸುತ್ತುವರಿದು ಮೂಲೆಗೆ ತರುತ್ತವೆ. ಅದು ಮಾಡುವಾಗ ಆ ಮರಿಯ ಕಣ್ಣು ನೋಡಿದ್ದೀರಾ? ಅಲ್ಲಿ ದುಃಖ ಇಲ್ಲ. ನನ್ನ ಪಾತ್ರ ರಾತ್ರಿ ಎಲ್ಲರೂ ಮಲಗಿದಾಗ ಬಾಗಿಲಲ್ಲಿ ನಿಂತಿರುತ್ತಾನೆ. ಒಳಗಿನ ಗೊರಕೆ ಕೇಳುತ್ತಾ ನಿಲ್ಲುವುದೇ ಅವನಿಗೆ ಸುಖ. ಅದನ್ನು ಯಾರೂ ಕಿತ್ತುಕೊಳ್ಳಬಾರದು.

ಇಪ್ಪತ್ತು ಮುಖ

ಒಪ್ಪಿದೆ. ಇಷ್ಟ ಅವನದ್ದೇ ಆಗಿರಬಹುದು. ಆದರೆ ನಿಯಮದಲ್ಲಿ ಒಂದು ಎಚ್ಚರ ಬೇಕು. ಮಾಡಿದವರ ಉದ್ದೇಶವನ್ನು ಬೋನಸ್ ಆಗಿ ಕೊಡಿ, ಬಲವಂತವಾಗಿ ಕೊಡಬೇಡಿ. "ಕಾವಲಿನಲ್ಲಿ ನಿಂತಾಗ ಎರಡು ಡೈಸ್ ಹಾಕಿ ದೊಡ್ಡದು ತಗೋ" ಅಂದರೆ ಆಟಗಾರ ಖುಷಿಯಿಂದ ನಿಲ್ಲುತ್ತಾನೆ. "ಹಳೆ ರಾಜ್ಯದ ಮುದ್ರೆ ತೋರಿಸಿದರೆ ಹೇಳಿದಂತೆ ಕೇಳಲೇಬೇಕು" ಅಂದರೆ ಅವನ ಪಾತ್ರವನ್ನೇ ಅವನ ಕೈಯಿಂದ ಕಿತ್ತ ಹಾಗೆ. ನಾನು ಒಮ್ಮೆ ಆ ತಪ್ಪು ಮಾಡಿದ್ದೇನೆ. ಆ ಆಟಗಾರ ಮತ್ತೆ ಟೇಬಲ್‌ಗೆ ಬರಲಿಲ್ಲ. ತಪ್ಪು ನನ್ನದೇ.

ಹೊಸಬಳು

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಇದನ್ನು ಹೇಳಲೇಬೇಕು ಅನ್ನಿಸಿತು.

2022ರ ಆಗಸ್ಟ್‌ನಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಸ್ಪೆಲ್‌ಜಾಮರ್ ಸೆಟ್ಟಿಂಗ್ ಮತ್ತೆ ಬಂತು. ಅದರಲ್ಲಿ ಹ್ಯಾಡೊಜೀ ಅನ್ನುವ, ಮಂಗಗಳಂತೆ ಕಾಣುವ ಜನಾಂಗ ಇದೆ. ಅವರಿಗೆ ಹೊಸದಾಗಿ ಹುಟ್ಟಿನ ಕಥೆ ಬರೆದಿದ್ದರು. ಒಬ್ಬ ಮಂತ್ರವಾದಿ ಬಂದು ಅವರನ್ನು ಹಿಡಿಯುತ್ತಾನೆ. ಔಷಧ ಕುಡಿಸಿ ಬುದ್ಧಿ ಬರಿಸುತ್ತಾನೆ. ಸೈನ್ಯ ಮಾಡಿ ಜಾಸ್ತಿ ಬೆಲೆ ಕೊಟ್ಟವರಿಗೆ ಮಾರುವುದು ಅವನ ಯೋಚನೆ. ಕೊನೆಗೆ ಅವನ ಶಿಷ್ಯರಿಗೆ ಅವರ ಮೇಲೆ ಪ್ರೀತಿ ಹುಟ್ಟಿ ಬಿಡಿಸುತ್ತಾರೆ. ಗುಲಾಮಗಿರಿಯ ನಿಜವಾದ ಇತಿಹಾಸ, ಕಪ್ಪು ಜನರನ್ನು ಪ್ರಾಣಿಗಳಿಗೆ ಹೋಲಿಸಿ ಹೀಯಾಳಿಸಿದ ಇತಿಹಾಸ ಗೊತ್ತಿರುವವರಿಗೆ ಇದು ಹೇಗೆ ಚುಚ್ಚಿರಬೇಕು ಯೋಚಿಸಿ. ತುಂಬ ಜನ ಆಕ್ಷೇಪ ಎತ್ತಿದರು. ಸೆಪ್ಟೆಂಬರ್ ಶುರುವಿನಲ್ಲೇ ಪ್ರಕಾಶಕರು ಕ್ಷಮೆ ಕೇಳಿ ಆ ಭಾಗವನ್ನು ಡಿಜಿಟಲ್ ಪ್ರತಿಯಿಂದ ತೆಗೆದರು, ಮುಂದಿನ ಮುದ್ರಣಗಳಲ್ಲೂ ಇರುವುದಿಲ್ಲ ಅಂದರು.

ನನಗೆ ಅಲ್ಲಿ ಕಂಡ ದೋಷ ಇನ್ನೂ ಒಂದಿದೆ. ಆ ಕಥೆಯಲ್ಲಿ ಹ್ಯಾಡೊಜೀಗಳು ತಾವಾಗಿ ಮಾಡುವುದು ತುಂಬ ಕಡಿಮೆ. ಬುದ್ಧಿ ಕೊಟ್ಟವನು ಬೇರೆಯವನು, ಬಿಡುಗಡೆ ಕೊಟ್ಟವರೂ ಬೇರೆಯವರು. ತಮ್ಮದೇ ಕಥೆಯಲ್ಲಿ ಅವರು ಹಿಂದೆ ನಿಂತಿದ್ದಾರೆ.

ಹುಟ್ಟಿನಿಂದಲೇ ಇಂಥವರಿಗೆ ಇಂಥ ಕೆಲಸ ಅನ್ನುವ ಮಾತು ನಮ್ಮಲ್ಲಿ ಅನೇಕರಿಗೆ ಬರೀ ಕಲ್ಪನೆ ಅಲ್ಲ. ಟೇಬಲ್‌ನಲ್ಲಿ ಯಾರು ಏನನ್ನು ಹೊತ್ತು ಬಂದಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಅದಕ್ಕೆ ಮೊದಲ ಸೆಷನ್‌ಗೂ ಮುಂಚೆ ಕೂತು ಮಾತಾಡಿ: ಈ ಆಟದಲ್ಲಿ ಇಂಥ ವಿಷಯ ಇದೆ, ಎಲ್ಲಿಯವರೆಗೆ ಹೋಗೋಣ? ಜನಾಂಗದ ಹೆಸರು ನಿಜವಾದ ಯಾವ ಸಮುದಾಯದ ಹೆಸರಿಗೂ ಹತ್ತಿರ ಬರದಂತೆ ನೋಡಿಕೊಳ್ಳಿ.

ಕಾಗದದ ಕೋಟೆ

ಹೊಸಬಳು ಅವರಿಗೆ ತುಂಬ ಥ್ಯಾಂಕ್ಸ್. ನೀವು ಹೇಳಿದ ದೋಷ ನನ್ನ ಹದಿನಾಲ್ಕು ಪುಟದಲ್ಲೂ ಇದೆ. ನನ್ನ ಟಿಪ್ಪಣಿಯಲ್ಲಿ "ರಾಜ್ಯ ಬಿದ್ದಾಗ ತೂಬಿಗರು ಬಿಡುಗಡೆಯಾದರು" ಅಂತ ಒಂದು ಸಾಲಿದೆ. ಬಿಡುಗಡೆಯಾದರು! ತಾವಾಗಿ, ಹಣ್ಣು ಉದುರಿದ ಹಾಗೆ. ಅಣೆಕಟ್ಟು ಒಣಗಿದ್ದು ಯಾಕೆ ಅಂತಲೂ ನಾನು ಬರೆದಿಲ್ಲ. ಬಹುಶಃ ಎರಡಕ್ಕೂ ಒಂದೇ ಉತ್ತರ ಇದೆ. ಯೋಚಿಸುತ್ತಿದ್ದೇನೆ.

ಹುಳುಹುಪ್ಪಟೆ

ಯೋಚಿಸುವಾಗ ತಲೆಎಣಿಕೆಯನ್ನೂ ಮಾಡಿ. ಎಷ್ಟು ಜನರನ್ನು ಮಾಡಿದರು, ಮಕ್ಕಳಾಗುತ್ತವಾ, ಆಗುವುದಿಲ್ಲ ಅಂದರೆ ಯಾಕೆ? ಮಾಲೀಕನಿಗೆ ತನ್ನ ಕೆಲಸಗಾರರು ತಾವಾಗಿ ಹೆಚ್ಚುವುದು ಬೇಡದಿದ್ದರೆ ಅವನು ಮೊದಲು ಕೈ ಹಾಕುವುದು ಅಲ್ಲಿಗೇ.

ನಿಜ ಜೀವನದಲ್ಲಿ ಹೇಸರಗತ್ತೆ ಇದೆ. ಕುದುರೆಗೆ 64 ಕ್ರೋಮೋಸೋಮ್, ಕತ್ತೆಗೆ 62, ಹೇಸರಗತ್ತೆಗೆ 63. ಜೋಡಿ ಕೂರುವುದಿಲ್ಲ, ಹಾಗಾಗಿ ಮರಿ ಆಗುವುದು ತೀರಾ ಅಪರೂಪ. 1991ರಲ್ಲಿ ಬಂದ ಡಾರ್ಕ್ ಸನ್ ಸೆಟ್ಟಿಂಗ್‌ನ ಮುಲ್‌ಗಳು ಇದೇ ಯೋಚನೆ. ಮನುಷ್ಯ ಮತ್ತು ಡ್ವಾರ್ಫ್ (ಕಥೆಗಳ ಕುಳ್ಳ ಜನಾಂಗ) ಬೆರೆಸಿ ದುಡಿಮೆಗೂ ಅಖಾಡದ ಕಾಳಗಕ್ಕೂ ಹುಟ್ಟಿಸಿದವರು, ಅವರಿಗೂ ಮಕ್ಕಳಾಗುವುದಿಲ್ಲ. ಹೆಸರೇ ಹೇಳುತ್ತದೆ, ಇಂಗ್ಲಿಷಿನಲ್ಲಿ ಹೇಸರಗತ್ತೆಗೆ ಮ್ಯೂಲ್ ಅನ್ನುತ್ತಾರೆ.

ಡ್ರ್ಯಾಗನ್‌ಲ್ಯಾನ್ಸ್‌ನ ಡ್ರಕೋನಿಯನ್‌ಗಳು ಇನ್ನೂ ಕಠಿಣ. 1984ರಲ್ಲಿ ಬಂದ ಸೆಟ್ಟಿಂಗ್. ಒಳ್ಳೆಯ ಡ್ರ್ಯಾಗನ್‌ಗಳ ಮೊಟ್ಟೆ ಕದ್ದು, ಮಾಟದಿಂದ ಕೆಡಿಸಿ, ಒಂದೊಂದು ಮೊಟ್ಟೆಯಿಂದ ಅನೇಕ ಸೈನಿಕರನ್ನು ಹೊರಡಿಸಿದರು. ಹಿತ್ತಾಳೆ ಡ್ರ್ಯಾಗನ್ ಮೊಟ್ಟೆಯಿಂದ ಬಂದ ಬಾಜ್ ಸತ್ತರೆ ಕಲ್ಲಾಗುತ್ತಾನೆ, ಚುಚ್ಚಿದವನ ಕತ್ತಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ತಾಮ್ರದ ಮೊಟ್ಟೆಯ ಕಪಾಕ್ ಕರಗಿ ಆಸಿಡ್ ಆಗುತ್ತಾನೆ. ಸಾವನ್ನೂ ಮಾಲೀಕ ತನ್ನ ಕೆಲಸಕ್ಕೆ ಹಚ್ಚಿದ್ದಾನೆ. ಆ ಸೈನ್ಯದಲ್ಲಿ ಇದ್ದವರೆಲ್ಲ ಗಂಡಸರು. ಯುದ್ಧ ಮುಗಿದು ವರ್ಷಗಳಾದ ಮೇಲೆ ಒಂದು ತುಕಡಿಗೆ ಹೆಣ್ಣು ಡ್ರಕೋನಿಯನ್‌ಗಳು ಸಿಗುವ ಕಥೆಯನ್ನು ಆಮೇಲೆ ಬರೆದರು. ಯುದ್ಧಕ್ಕಾಗಿ ಮಾಡಿದವರ ಕೈಗೆ ಮರಿಗಳು ಬಂದರೆ ಏನಾಗಬೇಡ!

ನಿಮ್ಮ ತೂಬಿಗರಿಗೆ ತಾಯಿ ಇದ್ದಾಳೆ, ಜೋಗುಳ ಇದೆ. ಅಂದರೆ ಮಕ್ಕಳಾಗುತ್ತವೆ. ಅದು ಮಾಡಿದವರು ಬಿಟ್ಟದ್ದೋ, ಇವರೇ ಗೆದ್ದುಕೊಂಡದ್ದೋ?

ಕಾಗದದ ಕೋಟೆ

ನಾಲ್ಕು ದಿನ ಕೂತು ಬರೆದೆ. ಹದಿನಾಲ್ಕು ಪುಟದಲ್ಲಿ ಹನ್ನೊಂದು ತೆಗೆದುಹಾಕಿದೆ. ಈಗ ತೂಬಿಗರ ಹುಟ್ಟಿನ ಕಥೆಯನ್ನು ಎರಡು ಬಾಯಿಂದ ಹೇಳಿಸುತ್ತಿದ್ದೇನೆ.

ಒಂದು ಮಂತ್ರವಾದಿಗಳ ಲೆಕ್ಕದ ಪುಸ್ತಕ. ಅದರಲ್ಲಿ ತೂಬಿಗರಿಗೆ ಹೆಸರಿಲ್ಲ, ತೂಬಿನ ನಂಬರ್ ಇದೆ. ಬಾಗಿಲು ಎತ್ತಲು ತಿರುಪನ್ನು ಹನ್ನೆರಡು ಸುತ್ತು ತಿರುಗಿಸಬೇಕು. ಹನ್ನೆರಡು ಸುತ್ತಿನ ಹೊತ್ತಿಗೆ ಒಳಗೆ ಹೋದವನು ಬರದಿದ್ದರೆ ಮೇಲಿನ ಕಲ್ಲು ಮುಚ್ಚಿ, ಇನ್ನೊಬ್ಬನನ್ನು ಬೇರೆ ಕಡೆಯಿಂದ ಇಳಿಸಬೇಕು. ನೀರು ನಿಲ್ಲುವ ಹಾಗಿಲ್ಲ. ಅದರ ಮುಂದಿನ ಸಾಲಿನಲ್ಲಿ ಎಣ್ಣೆ ಖರ್ಚಿನ ಲೆಕ್ಕ.

ಇನ್ನೊಂದು ತೂಬಿಗರೇ ಹೇಳುವುದು. ಅವರ ಪ್ರಕಾರ ಅವರನ್ನು ಯಾರೂ ಮಾಡಲಿಲ್ಲ. ಕತ್ತಲ ಕೋಣೆಯಲ್ಲಿ ನೀರು ಒಂಟಿಯಾಗಿತ್ತು, ಕೈ ಬೇಕು ಅಂತ ಆಸೆಪಟ್ಟಿತು, ಆ ಆಸೆಯಿಂದ ಅವರು ಬಂದರು. ಇತಿಹಾಸವಾಗಿ ನೋಡಿದರೆ ಸುಳ್ಳು. ಆದರೆ ಅವರ ಮಕ್ಕಳು ಕೇಳಿ ಬೆಳೆಯುವುದು ಇದನ್ನೇ. ಆಟದಲ್ಲಿ ಯಾರೂ ಇದನ್ನು ತಿದ್ದುವುದಿಲ್ಲ ಅಂತ ತೀರ್ಮಾನಿಸಿದ್ದೇನೆ.

ಅಣೆಕಟ್ಟು ಒಣಗಿದ್ದಕ್ಕೂ ಉತ್ತರ ಸಿಕ್ಕಿತು. ಒಂದು ರಾತ್ರಿ ಒಳಗಿದ್ದ ತೂಬಿಗರೆಲ್ಲ ಒಟ್ಟಿಗೆ ಬಾಗಿಲು ಎತ್ತಿದರು, ಇಳಿಸಲಿಲ್ಲ. ನೀರೆಲ್ಲ ಹರಿದುಹೋಯಿತು. ರಾಜ್ಯದ ಗದ್ದೆಗಳು ಆ ವರ್ಷವೇ ಒಣಗಿದವು. ಬಿಡುಗಡೆ ಯಾರೂ ಕೊಟ್ಟದ್ದಲ್ಲ. ಅದಕ್ಕೆ ಅವರು ಕೊಟ್ಟ ಬೆಲೆ ನೀರು. ಅವರಿಗೆ ಮನೆ ಅಂತ ಇದ್ದದ್ದೂ ಅದೊಂದೇ.

ಇನ್ನು ಜೋಗುಳ. ತಾಯಂದಿರು ಮಕ್ಕಳನ್ನು ಎದೆಮಟ್ಟದ ನೀರಿನಲ್ಲಿ ಹಿಡಿದು ಉಸಿರು ಕಟ್ಟುವುದನ್ನು ಕಲಿಸುವಾಗ ಹಾಡುವುದು. ಪೂರ್ತಿ ಹನ್ನೆರಡು ಸಾಲು, ಇಲ್ಲಿ ಸ್ವಲ್ಪ ಹಾಕುತ್ತೇನೆ:

ಒಂದು ಸುತ್ತಿಗೆ ಕಣ್ಣ ಮುಚ್ಚು
ಎರಡು ಸುತ್ತಿಗೆ ತುಟಿಯ ಮುಚ್ಚು
ಮೂರು ಸುತ್ತಿಗೆ ನೀರೇ ತೊಟ್ಟಿಲು ಕಂದ
ನಾಲ್ಕು ಸುತ್ತಿಗೆ ನಾನೇ ಹಗ್ಗ
…
ಹನ್ನೊಂದಕ್ಕೆ ಬೆಳಕು ಕಂಡೀತು
ಹನ್ನೆರಡಕ್ಕೆ

ಹನ್ನೆರಡನೇ ಸಾಲು ಅಷ್ಟೇ. ಮುಂದೆ ಪದ ಇಲ್ಲ. ಯಾಕಿಲ್ಲ ಅಂತ ತೂಬಿಗರಿಗೆ ಈಗ ಗೊತ್ತಿಲ್ಲ. ಲೆಕ್ಕದ ಪುಸ್ತಕ ಓದಿದವರಿಗೆ ಮಾತ್ರ ಗೊತ್ತಾಗುತ್ತದೆ.

ಅಜ್ಜಿಕಥೆ

ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಒಂದೇ ಒಂದು ಸಲಹೆ. ಇನ್ನೂರು ವರ್ಷ ಬಾಯಿಂದ ಬಾಯಿಗೆ ಬಂದ ಹಾಡು ಇಷ್ಟು ಸ್ವಚ್ಛವಾಗಿ ಉಳಿಯುವುದಿಲ್ಲ. ಒಂದು ಸಾಲಿನಲ್ಲಿ ಅರ್ಥವಾಗದ ಪದ ಇರಲಿ. "ಸುತ್ತು" ಅಂದರೆ ತಿರುಪಿನ ಸುತ್ತು ಅನ್ನುವುದು ಮರೆತುಹೋಗಿ, ತಾಯಿ ಮಗುವನ್ನು ನೀರಿನಲ್ಲಿ ಗುಂಡಗೆ ತಿರುಗಿಸುವ ಆಟ ಆಗಿರಲಿ. ಮಕ್ಕಳು ನಗುತ್ತಿರಲಿ.

ನಾಲ್ಕನೇ ಕುರ್ಚಿ

ಹೌದು, ನಗಲಿ. ಈ ಕಥೆ ನನಗೆ ಹಿಡಿಸಿದ್ದು ಅದಕ್ಕೇ. ತೂಬಿಗರಿಗೆ ನೀರು ಈಗಲೂ ಇಷ್ಟ, ಅಲ್ವಾ? ಅದನ್ನು ಮಾತ್ರ ತೆಗೆಯಬೇಡಿ.

ಕಾಗದದ ಕೋಟೆ

ತೆಗೆದಿಲ್ಲ. ನಿನ್ನೆ ಸೆಷನ್ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಅಣೆಕಟ್ಟಿನ ಕೆಳಗಿನ ಕೋಣೆಯಲ್ಲಿ ಅವರಿಗೆ ಲೆಕ್ಕದ ಪುಸ್ತಕ ಸಿಗುವಂತೆ ಇಟ್ಟಿದ್ದೆ. ಅದಕ್ಕೂ ಮೊದಲೇ ಗೆಳತಿಯ ಕೈಗೆ ಹಾಡಿನ ಚೀಟಿ ಕೊಟ್ಟು, "ನೀನು ಅವತ್ತು ಕೇಳಿದ್ದು" ಅಂದೆ. ಅವಳು ಒಮ್ಮೆ ಓದಿ ಮಡಚಿ ಕ್ಯಾರೆಕ್ಟರ್ ಶೀಟ್ ಕೆಳಗೆ ಇಟ್ಟಳು. ಏನೂ ಹೇಳಲಿಲ್ಲ.

ಪುಸ್ತಕ ಸಿಕ್ಕಿತು. ನೆನಪಿಗರ ಪಾತ್ರ ಆಡುವವನು ಜೋರಾಗಿ ಓದಿದ. ಹನ್ನೆರಡು ಸುತ್ತು, ಮೇಲಿನ ಕಲ್ಲು, ಎಣ್ಣೆ ಖರ್ಚು. ಟೇಬಲ್‌ನಲ್ಲಿ ಯಾರೂ ಮಾತಾಡಲಿಲ್ಲ. ನಾನು ಮುಂದಿನ ದೃಶ್ಯಕ್ಕೆ ಹೋಗಲು ಬಾಯಿ ತೆರೆದೆ. ಅವಳು ಕೈ ಎತ್ತಿ ನಿಲ್ಲಿಸಿದಳು.

ತನ್ನ ಪಾತ್ರ ತೂಬಿನ ಬಾಯಿಯ ಹತ್ತಿರ ಹೋಗಿ ಕೂರುತ್ತದೆ ಅಂದಳು. ಎಡಗೈ ಪಕ್ಕೆಯ ಮೇಲೆ ಇಟ್ಟುಕೊಂಡಳು. ಅದನ್ನು ನಾನು ಒಮ್ಮೆ ಮಾತ್ರ ಹೇಳಿದ್ದೆ, ಅವಳು ಮರೆತಿರಲಿಲ್ಲ. ಚೀಟಿ ಬಿಚ್ಚದೆ ಮೆಲ್ಲಗೆ ಹಾಡಿದಳು. ರಾಗ ಅವಳದ್ದೇ. ಹನ್ನೊಂದು ಆಯಿತು. ಹನ್ನೆರಡಕ್ಕೆ ನಿಲ್ಲಿಸಿ ಉಸಿರು ಹಿಡಿದಳು, ನಿಜವಾಗಿಯೂ. ನಾವೆಲ್ಲ ನೋಡುತ್ತಾ ಕೂತಿದ್ದೆವು.

ಆಮೇಲೆ ಉಸಿರು ಬಿಟ್ಟು ಇನ್ನೊಂದು ಸಾಲು ಸೇರಿಸಿದಳು. "ಹದಿಮೂರಕ್ಕೆ ಬಂದೆಯಾ ಕಂದ."

ಆ ಸಾಲನ್ನು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೇನೆ. ಇನ್ನು ಮುಂದೆ ತೂಬಿಗರ ಮಕ್ಕಳೆಲ್ಲ ಹದಿಮೂರು ಸಾಲು ಕಲಿಯುತ್ತಾರೆ.

ಎಚ್ಚರಿಗರ ಬಗ್ಗೆ ಮುಂದಿನ ವಾರ ಬರೆಯುತ್ತೇನೆ. ನಿದ್ದೆ ಇಲ್ಲದವರ ತಾಯಂದಿರು ಏನು ಹಾಡುತ್ತಾರೋ, ಆ ಪುಟ ಇನ್ನೂ ಖಾಲಿ ಇದೆ.